ಹನ್ನೆರಡು ಪಂಚಭುಜಗಳ ಆಕಾಶಬುಟ್ಟಿ

ಈ ಸಲದ ದೀಪಾವಳಿಗೆ ಪುಣೆಯ ಕೋಥರೂಡಿನ ನಮ್ಮ ಮನೆಯ ಬಾಲ್ಕನಿಯಲ್ಲಿ ತೂಗಿದ ಆಕಾಶಬುಟ್ಟಿಯನ್ನು ನಾನು ಮತ್ತು ಏಳನೆಯ ತರಗತಿಯಲ್ಲಿ ಓದುವ ನನ್ನ ಮಗಳು ಕೂಡಿ ಕಟ್ಟಿದೆವು. ಅದಕ್ಕೆ ಮೂರು ಭಾನುವಾರಗಳು ಮತ್ತು ನಡುವಿನ ಕೆಲವು ರಾತ್ರಿಗಳು ಹಿಡಿದವು. ಹನ್ನೆರಡು ನಿಯಮಿತ ಪಂಚಭುಜಗಳು ಸೇರಿ ಆಗುವ ದ್ವಾದಶಮುಖಿ ಅದರ ಆಕಾರ: 12 ಮುಖಗಳು, 30 ಅಂಚುಗಳು, 20 ಮೂಲೆಗಳು. ಎಲ್ಲಿ ಕೆಟ್ಟಿತು, ಏಕೆ ಕೆಟ್ಟಿತು, ಯಾವ ಅಳತೆಯನ್ನು ನಂಬಿದ್ದರಿಂದ ಕೊನೆಗೆ ಕೂಡಿಬಂತು ಎಂಬುದನ್ನು ಮರೆಯುವ ಮೊದಲು ಬರೆದಿಡುತ್ತಿದ್ದೇನೆ.

ಇಲ್ಲಿಯವರು ಇದನ್ನು ಆಕಾಶಕಂದೀಲ ಎನ್ನುತ್ತಾರೆ, ನಮ್ಮ ಕರಾವಳಿಯವರು ಗೂಡುದೀಪ ಎನ್ನುತ್ತಾರೆ, ಧಾರವಾಡದಲ್ಲಿ ಬೆಳೆದ ನನಗೆ ಅದು ಆಕಾಶಬುಟ್ಟಿ. ಅಪ್ಪ ಪ್ರತಿ ವರ್ಷವೂ ನವರಾತ್ರಿ ಮುಗಿಯುತ್ತಲೇ ಬಿದಿರು ಸೀಳಿ, ಒಂದೇ ಅಳತೆಯ 24 ಕಡ್ಡಿಗಳಿಂದ ಆರು ಚೌಕ ಮತ್ತು ಎಂಟು ತ್ರಿಕೋನಗಳಿರುವ ಬುಟ್ಟಿಯನ್ನು ಕಟ್ಟುತ್ತಿದ್ದರು. ಪ್ರತಿ ಚೌಕಕ್ಕೂ ಮೂಲೆಯಿಂದ ಮೂಲೆಗೆ ಇನ್ನೊಂದು ತೆಳುವಾದ ಓರೆಗಡ್ಡಿಯನ್ನು ಕಟ್ಟುತ್ತಿದ್ದರು. ಮೇಲಿನ ಓರೆಗಡ್ಡಿಯಿಂದ ತೂಗುದಾರ ಹೊರಡುತ್ತಿತ್ತು, ಕೆಳಗಿನದಕ್ಕೆ ಬಲ್ಬಿನ ಹೋಲ್ಡರ್ ಬಿಗಿಯುತ್ತಿದ್ದರು. ಉಳಿದ ನಾಲ್ಕು ಓರೆಗಡ್ಡಿಗಳಿಗೆ ನನ್ನ ಕಣ್ಣಿಗೆ ಯಾವ ಕೆಲಸವೂ ಕಾಣುತ್ತಿರಲಿಲ್ಲ, ಕಾಗದದ ಮೇಲೆ ನೆರಳು ಬೀಳಿಸಿ ಅಂದಗೆಡಿಸುತ್ತವೆ ಎಂದಷ್ಟೇ ಅನ್ನಿಸುತ್ತಿತ್ತು. ಅವುಗಳ ಕೆಲಸ ಏನೆಂಬುದು ಮೊನ್ನೆ ಮೊನ್ನೆ ತಿಳಿಯಿತು.

ಮೊದಲ ಭಾನುವಾರ ಬುರುಡ ಆಳಿಗೆ ಹೋಗಿ ಬಿದಿರು ತಂದೆವು. ನಮ್ಮಲ್ಲಿ ಮೇದಾರರು ಮಾಡುವ ಕೆಲಸವನ್ನು ಇಲ್ಲಿ ಬುರುಡರು ಮಾಡುತ್ತಾರೆ. ಬುಟ್ಟಿ, ಮೊರ, ಏಣಿಗಳ ನಡುವೆ ನಿಂತು ಹೆಬ್ಬೆರಳಿಗಿಂತ ತೆಳುವಾದ ಸೀಳುಗಳನ್ನು ಆರಿಸಿಕೊಂಡೆವು. ಒಂದು ಅಂಚಿಗೆ 20 ಸೆಂ.ಮೀ. ಎಂದು ನಿರ್ಧರಿಸಿದ್ದರಿಂದ 30 ಕಡ್ಡಿಗಳಿಗೆ ಒಟ್ಟು ಆರು ಮೀಟರ್ ಬಿದಿರು ಸಾಕಾಯಿತು. ಕಡ್ಡಿಗಳ ಉದ್ದದಲ್ಲಿ ಅರ್ಧ ಮಿಲಿಮೀಟರಿನಷ್ಟೂ ಹೆಚ್ಚು ಕಡಿಮೆ ಆಗದಂತೆ ಕತ್ತರಿಸಿ, ಮೂರು ಮೂರು ತುದಿಗಳನ್ನು ಒಂದೊಂದು ಗಂಟಿನಲ್ಲಿ ಸೇರಿಸಿ, ಮೇಣ ತಿಕ್ಕಿದ ದಾರದಿಂದ ಬಿಗಿಯಾಗಿ ಕಟ್ಟುತ್ತ ಹೋದೆ. ಇಪ್ಪತ್ತನೆಯ ಗಂಟು ಬಿದ್ದಾಗ ಸಂಜೆ ಆರೂವರೆ. ಕೈಬಿಟ್ಟ ಕೂಡಲೇ ಇಡೀ ಚೌಕಟ್ಟು ನೆಲದ ಮೇಲೆ ನಿಧಾನವಾಗಿ ಕುಸಿದು ಮೀನಿನ ಬಲೆಯ ಹಾಗೆ ಹರಡಿಕೊಂಡಿತು. ಒಂದು ಗಂಟೂ ಬಿಚ್ಚಿರಲಿಲ್ಲ, ಒಂದು ಕಡ್ಡಿಯೂ ಮುರಿದಿರಲಿಲ್ಲ. ಎತ್ತಿ ಹಿಡಿದರೆ ಪಂಚಭುಜಗಳು ಒಂದು ಕಡೆ ಚಪ್ಪಟೆಯಾಗಿ ಇನ್ನೊಂದು ಕಡೆ ಉಬ್ಬುತ್ತಿದ್ದವು.

ಅದರ ಚಿತ್ರವನ್ನು ಅಪ್ಪನಿಗೆ ಕಳುಹಿಸಿದೆ. ಐದು ನಿಮಿಷದಲ್ಲಿ ಫೋನ್ ಬಂತು. "ಓರೆಗಡ್ಡಿ ಎಲ್ಲಿ ಕಟ್ಟೀಯಪಾ? ನಾಲ್ಕು ಮೂಲಿ ಇದ್ರ ಒಂದು ಬೇಕು, ಐದು ಮೂಲಿ ಇದ್ರ ಎರಡು ಬೇಕು. ಇಲ್ಲಂದ್ರ ಅದು ನಿಲ್ಲಂಗಿಲ್ಲ" ಎಂದರು.

ಆ ರಾತ್ರಿ ಕುಳಿತು ಲೆಕ್ಕ ಹಾಕಿದಾಗ ಅಪ್ಪನ ಮಾತು ಅಕ್ಷರಶಃ ನಿಜವೆಂದು ಗೊತ್ತಾಯಿತು. ಗಂಟಿನಲ್ಲಿ ತಿರುಗಬಲ್ಲ ಕಡ್ಡಿಗಳ ಚೌಕಟ್ಟು ಗಟ್ಟಿಯಾಗಿ ನಿಲ್ಲಲು ಎಷ್ಟು ಕಡ್ಡಿಗಳು ಬೇಕೆಂಬ ಎಣಿಕೆಯನ್ನು ಜೇಮ್ಸ್ ಕ್ಲರ್ಕ್ ಮ್ಯಾಕ್ಸ್‌ವೆಲ್ 1864ರಲ್ಲಿ ಹೇಳಿದ್ದಾರೆ. ಪ್ರತಿ ಗಂಟೂ ಮೂರು ದಿಕ್ಕುಗಳಲ್ಲಿ ಚಲಿಸಬಲ್ಲದು, ಇಡೀ ವಸ್ತುವು ಒಟ್ಟಾಗಿ ಸರಿಯುವುದಕ್ಕೂ ತಿರುಗುವುದಕ್ಕೂ ಸೇರಿ ಆರನ್ನು ಬಿಟ್ಟುಕೊಡಬೇಕು, ಆದ್ದರಿಂದ ಗಂಟುಗಳ ಸಂಖ್ಯೆಯ ಮೂರು ಪಟ್ಟಿನಲ್ಲಿ ಆರನ್ನು ಕಳೆದರೆ ಉಳಿಯುವಷ್ಟು ಕಡ್ಡಿಗಳಾದರೂ ಇರಲೇಬೇಕು. ಅಪ್ಪನ ಬುಟ್ಟಿಗೆ 12 ಗಂಟುಗಳು. 36ರಲ್ಲಿ 6 ಕಳೆದರೆ 30. ಅಂಚಿನ ಕಡ್ಡಿಗಳು 24, ಓರೆಗಡ್ಡಿಗಳು 6, ಒಟ್ಟು 30. ಒಂದೂ ಹೆಚ್ಚಿಲ್ಲ, ಒಂದೂ ಕಡಿಮೆಯಿಲ್ಲ. ನನ್ನ ಬುಟ್ಟಿಗೆ 20 ಗಂಟುಗಳು; 60ರಲ್ಲಿ 6 ಕಳೆದರೆ 54. ನಾನು ಕಟ್ಟಿದ್ದು 30. ಕೊರತೆ 24, ಅಂದರೆ ಹನ್ನೆರಡು ಮುಖಗಳಿಗೆ ತಲಾ ಎರಡು ಓರೆಗಡ್ಡಿಗಳು. ನಾನು ಅಂದಗೇಡು ಎಂದುಕೊಂಡಿದ್ದ ಕಡ್ಡಿಗಳೇ ನಲವತ್ತು ವರ್ಷ ನಮ್ಮ ಮನೆಯ ಬುಟ್ಟಿಯನ್ನು ನೆಟ್ಟಗೆ ನಿಲ್ಲಿಸಿದ್ದವು.

ಇದರ ಮೂಲ ಬಹುಭುಜಗಳ ಒಂದು ಸರಳವಾದ ಗುಣದಲ್ಲಿದೆ. ಮೂರು ಕಡ್ಡಿಗಳ ಉದ್ದ ಗೊತ್ತಾದರೆ ತ್ರಿಕೋನದ ಆಕಾರ ನಿಶ್ಚಯವಾಗುತ್ತದೆ, ಅದಕ್ಕೆ ಬೇರೆ ದಾರಿಯೇ ಇಲ್ಲ. ನಾಲ್ಕು ಸಮ ಕಡ್ಡಿಗಳು ಚೌಕವೂ ಆಗಬಹುದು, ಒಂದು ಕಡೆಗೆ ಒರಗಿದ ವಜ್ರಾಕೃತಿಯೂ ಆಗಬಹುದು. ಐದು ಸಮ ಕಡ್ಡಿಗಳಿಗಂತೂ ಎರಡು ಕಡೆ ಸಡಿಲ. ಸಮ ಬಾಹುಗಳು ಇದ್ದ ಮಾತ್ರಕ್ಕೆ ಪಂಚಭುಜ ನಿಯಮಿತವಾಗುವುದಿಲ್ಲ. ಕೋನಗಳೂ ಸಮವಾಗಬೇಕು, ಮತ್ತು ಕೋನಗಳು ಸಮವಾಗಿವೆಯೇ ಎಂಬುದನ್ನು ಮನೆಯ ಉಪಕರಣಗಳಿಂದ ತಿಳಿಯಲು ಕರ್ಣವನ್ನು ಅಳೆಯುವುದೇ ನಂಬಿಕೆಯ ದಾರಿ. ನಿಯಮಿತ ಪಂಚಭುಜದ ಐದು ಕರ್ಣಗಳೂ ಬಾಹುವಿನ 1.618 ಪಟ್ಟು ಇರುತ್ತವೆ, 20 ಸೆಂ.ಮೀ. ಬಾಹುವಿಗೆ 32.36 ಸೆಂ.ಮೀ. ಈ 32.36 ಎಂಬ ಸಂಖ್ಯೆಯನ್ನು ಮಗಳು ಒಂದು ಚೀಟಿಯಲ್ಲಿ ದೊಡ್ಡದಾಗಿ ಬರೆದು ಕೆಲಸದ ಮೇಜಿನ ಮೇಲೆ ಅಂಟಿಸಿದಳು. ಕೊನೆಯ ದಿನದವರೆಗೂ ಅದು ಅಲ್ಲೇ ಇತ್ತು.

ಬಿದಿರಿಗೇ 24 ಓರೆಗಡ್ಡಿಗಳನ್ನು ಸೇರಿಸಬಹುದಿತ್ತು. ನನ್ನ ಮನಸ್ಸು ಒಪ್ಪಲಿಲ್ಲ. ಒಂದು ಪಂಚಭುಜದಲ್ಲಿ ಎರಡೇ ಕರ್ಣಗಳನ್ನು ಎಳೆದರೆ ಅವು ಒಂದು ಮೂಲೆಯಿಂದ ಹೊರಟು ಮುಖವನ್ನು ಮೂರು ತ್ರಿಕೋನಗಳಾಗಿ ಸೀಳುತ್ತವೆ. ದೀಪ ಹಚ್ಚಿದಾಗ ಆ ನೆರಳಿನಿಂದ ಐದು ಮೂಲೆಗಳಲ್ಲಿ ಒಂದು ಮಾತ್ರ ಬೇರೆಯಾಗಿ ಕಾಣುತ್ತದೆ. ಐದೂ ಮೂಲೆಗಳು ಒಂದೇ ಸಮನಾಗಿ ಕಾಣುವುದಕ್ಕಾಗಿಯೇ ನಾನು ಪಂಚಭುಜವನ್ನು ಆರಿಸಿದ್ದೆ. ಆದ್ದರಿಂದ ಕಡ್ಡಿಗಳ ಬದಲು ಹಲಗೆಗಳಿಂದ ಕಟ್ಟುವುದೆಂದು ನಿಶ್ಚಯಿಸಿದೆವು. ಉಬ್ಬಿದ ಘನಾಕೃತಿಯ ಮುಖಗಳು ತಾವೇ ಗಟ್ಟಿಯಾಗಿದ್ದರೆ, ಅಂಚುಗಳು ಬಾಗಿಲಿನ ಕೀಲಿನಂತೆ ಸಡಿಲವಾಗಿದ್ದರೂ ಇಡೀ ಆಕೃತಿ ಅಲುಗಾಡದು ಎಂದು ಫ್ರಾನ್ಸಿನ ಗಣಿತಜ್ಞ ಕೋಶಿ 1813ರಲ್ಲೇ ಸಾಧಿಸಿದ್ದಾರೆ. ಐದು ಮಿಲಿಮೀಟರ್ ದಪ್ಪದ, ನಾಲ್ಕಡಿಗೆ ನಾಲ್ಕಡಿಯ ಒಂದು ಸನ್‌ಬೋರ್ಡ್ ತುಂಡನ್ನು ತಂದೆ. ಹಗುರ, ನೀರಿಗೆ ಕೆಡದು, ಪೇಪರ್ ಕಟರಿನಿಂದ ಕತ್ತರಿಸಬಹುದು. ದೀಪಾವಳಿಯ ಹೊತ್ತಿಗೂ ಪುಣೆಯಲ್ಲಿ ಒಂದೆರಡು ಮಳೆ ಬಂದೇ ಬರುವುದರಿಂದ ರಟ್ಟನ್ನು ನಂಬುವಂತಿರಲಿಲ್ಲ.

ಎಲ್ಲ ಮುಖಗಳಿಗೂ ಒಂದೇ ಅಚ್ಚು ಬೇಕಿತ್ತು. ಮೊದಲನೆಯ ಅಚ್ಚನ್ನು ದಪ್ಪ ರಟ್ಟಿನ ಮೇಲೆ ಹೀಗೆ ಎಳೆದೆ: 20 ಸೆಂ.ಮೀ. ತಳ, ಅದರ ಎರಡೂ ತುದಿಗಳಲ್ಲಿ ಮಗಳ ಕಂಪಾಸ್ ಪೆಟ್ಟಿಗೆಯ ಕೋನಮಾಪಕದಿಂದ 108 ಡಿಗ್ರಿ, ಅಲ್ಲಿಂದ 20 ಸೆಂ.ಮೀ. ಬಾಹುಗಳು, ಮೇಲಿನ ಮೂಲೆಗೆ ಎರಡು ಕಡೆಯಿಂದ 20 ಸೆಂ.ಮೀ. ಕಂಸಗಳು. ಐದೂ ಬಾಹುಗಳು ಸರಿಯಾಗಿ 20. ಕತ್ತರಿಸಿ, ಕಾಗದದ ಮೇಲಿಟ್ಟು ಸುತ್ತಲೂ ಗೆರೆ ಎಳೆದು, ಅಚ್ಚನ್ನು ಒಂದು ಮೂಲೆಯಷ್ಟು ತಿರುಗಿಸಿ ಅದೇ ಗೆರೆಯೊಳಗೆ ಕೂರಿಸಿದರೆ ಒಂದು ಕಡೆ ಗೆರೆ ದಾಟಿತು, ಇನ್ನೊಂದು ಕಡೆ ಬಿರುಕು ಬಿಟ್ಟಿತು. ಕರ್ಣ ಅಳೆದರೆ ಒಂದು 32.2, ಇನ್ನೊಂದು 32.5. ಅಂಗೈಯಷ್ಟು ಅಗಲದ ಕೋನಮಾಪಕದಲ್ಲಿ ಒಂದು ಡಿಗ್ರಿಗಿಂತ ಕಡಿಮೆ ತಪ್ಪಿದ್ದೆ, ಆದರೆ ಅದು ಬಾಹುಗಳಲ್ಲಿ ಎಲ್ಲೂ ಕಾಣಿಸಿಕೊಂಡಿರಲಿಲ್ಲ. ಬಿದಿರು ನೆಲದ ಮೇಲೆ ಕಲಿಸಿದ್ದನ್ನೇ ರಟ್ಟು ಮೇಜಿನ ಮೇಲೆ ಇನ್ನೊಮ್ಮೆ ಕಲಿಸಿತು.

ಈ ಕೂರಿಸಿ ನೋಡುವ ಪರೀಕ್ಷೆಯನ್ನು ಪಂಚಭುಜ ಬೇಕಾದ ಯಾರಿಗಾದರೂ ನಾನು ಹೇಳುವೆ. ನಿಯಮಿತ ಪಂಚಭುಜಕ್ಕೆ 72 ಡಿಗ್ರಿಗಳ ಹೆಜ್ಜೆಯಲ್ಲಿ ಐದು ತಿರುಗುವಿಕೆಗಳು, ಪ್ರತಿ ಮೂಲೆಯಿಂದ ಎದುರಿನ ಬಾಹುವಿನ ನಡುವಿಗೆ ಹೋಗುವ ಐದು ಕನ್ನಡಿಗೆರೆಗಳು, ಹೀಗೆ ಹತ್ತು ಸಮಮಿತಿಗಳಿವೆ. ಆದ್ದರಿಂದ ಒಳ್ಳೆಯ ಅಚ್ಚು ತನ್ನದೇ ಗೆರೆಯೊಳಗೆ ಹತ್ತು ರೀತಿಯಲ್ಲಿ ಕೂರಬೇಕು: ತಿರುಗಿಸಿ ಐದು ಸಲ, ಮಗುಚಿ ಮತ್ತೆ ಐದು ಸಲ. ಒಂದು ಸಲ ತಪ್ಪಿದರೂ ಆ ಅಚ್ಚು ಬೇಡ.

ಎರಡನೆಯ ಅಚ್ಚಿಗೆ ವೃತ್ತದಿಂದಲೇ ಹೊರಟೆ. ಶಾಲೆಯ ಕೈವಾರ ಅಷ್ಟು ಅಗಲಕ್ಕೆ ತೆರೆದುಕೊಳ್ಳದ ಕಾರಣ ಒಂದಡಿಯ ಪ್ಲೈವುಡ್ ಪಟ್ಟಿಗೆ ಎರಡು ತೂತು ಕೊರೆದು, ಒಂದರಲ್ಲಿ ಮೊಳೆ, ಇನ್ನೊಂದರಲ್ಲಿ ಪೆನ್ಸಿಲ್ ಸಿಕ್ಕಿಸಿ ಪಟ್ಟಿ ಕೈವಾರ ಮಾಡಿಕೊಂಡೆವು. 20 ಸೆಂ.ಮೀ. ಬಾಹು ಬರಲು ತ್ರಿಜ್ಯ ಎಷ್ಟಿರಬೇಕು? ಇದಕ್ಕೆ ಉತ್ತರ ಭಾಸ್ಕರಾಚಾರ್ಯರ ಲೀಲಾವತಿಯಲ್ಲಿ, ಅಂದರೆ 1150ರ ಹೊತ್ತಿನ ಗ್ರಂಥದಲ್ಲಿ, ನೇರವಾಗಿ ಸಿಗುತ್ತದೆ. ವೃತ್ತದೊಳಗಿನ ನಿಯಮಿತ ಬಹುಭುಜಗಳಿಗೆ ತ್ರಿಭುಜದಿಂದ ನವಭುಜದವರೆಗೆ ಏಳು ಸಂಖ್ಯೆಗಳನ್ನು ಅವರು ಕೊಡುತ್ತಾರೆ: 103923, 84853, 70534, 60000, 52055, 45922, 41031. ವ್ಯಾಸವನ್ನು ಆಯಾ ಸಂಖ್ಯೆಯಿಂದ ಗುಣಿಸಿ 120000ದಿಂದ ಭಾಗಿಸಿದರೆ ಬಾಹು ಬರುತ್ತದೆ. ಪಂಚಭುಜದ ಸಂಖ್ಯೆಯನ್ನು ವೇದ, ಅಗ್ನಿ, ಬಾಣ, ಖ, ಅಶ್ವ ಎಂಬ ಪದಗಳಲ್ಲಿ ಅಡಗಿಸಿದ್ದಾರೆ. 4, 3, 5, 0, 7 ಎಂದು ಬಿಡಿಸಿಕೊಂಡು ಬಲದಿಂದ ಎಡಕ್ಕೆ ಬರೆದರೆ 70534. ಇಂದಿನ ಕ್ಯಾಲ್ಕ್ಯುಲೇಟರಿನಲ್ಲಿ 36 ಡಿಗ್ರಿಯ ಸೈನ್ ಬೆಲೆಯನ್ನು 120000ದಿಂದ ಗುಣಿಸಿದರೆ 70534.2 ಬರುತ್ತದೆ. ಸಪ್ತಭುಜ ಮತ್ತು ನವಭುಜದ ಸಂಖ್ಯೆಗಳು ಮಾತ್ರ ಸ್ವಲ್ಪ ಹಿಂದುಳಿದಿವೆ, ಅವು 52066 ಮತ್ತು 41042 ಆಗಬೇಕಿತ್ತು. ಏಳು ಬಾಹುಗಳ ನಿಯಮಿತ ಆಕೃತಿಯನ್ನು ಬರಿಯ ಕೈವಾರ ಮತ್ತು ಪಟ್ಟಿಯಿಂದ ನಿಖರವಾಗಿ ಎಳೆಯಲು ಸಾಧ್ಯವೇ ಇಲ್ಲವೆಂದು 1837ರಲ್ಲಿ ವಾಂಟ್ಸೆಲ್ ಸಾಧಿಸಿದ್ದಾರೆ; ಪಂಚಭುಜಕ್ಕೆ ಆ ಕಷ್ಟವಿಲ್ಲ.

ಮಗಳು ಆ ಸೂತ್ರದಲ್ಲಿ 34 ವ್ಯಾಸ ಹಾಕಿ ನೋಡಿದಳು. 19.985 ಬಂತು. ತ್ರಿಜ್ಯ 17 ಆದರೆ ಬಾಹು 20 ಎಂದೇ ಹೇಳಬಹುದಾದ ಈ ಜೋಡಿ ನಮಗೆ ಬಹಳ ಹಿಡಿಸಿತು. ಆದರೂ 17ರ ವೃತ್ತದ ಮೇಲೆ 20ರ ಹೆಜ್ಜೆ ಇಡುತ್ತ ಹೋದರೆ ಐದನೆಯ ಹೆಜ್ಜೆ ಹೊರಟ ಬಿಂದುವಿಗಿಂತ ಸುಮಾರು ಒಂದು ಮಿಲಿಮೀಟರ್ ಮುಂದೆ ಬೀಳುತ್ತದೆ, ಏಕೆಂದರೆ ಪ್ರತಿ ಹೆಜ್ಜೆಯ ಸಣ್ಣ ತಪ್ಪು ಐದು ಸಲ ಕೂಡಿಕೊಳ್ಳುತ್ತದೆ. ತ್ರಿಜ್ಯವನ್ನು ಕೂದಲೆಳೆಯಷ್ಟು ಹೆಚ್ಚಿಸಿ, 17.01ಕ್ಕೆ ತಂದು, ಐದನೆಯ ಹೆಜ್ಜೆ ಮೊದಲನೆಯ ಬಿಂದುವಿನ ಮೇಲೇ ಬೀಳುವವರೆಗೆ ನಾಲ್ಕು ಸಲ ಪ್ರಯತ್ನಿಸಿದೆವು. ಕರ್ಣಗಳು ಐದೂ 32.4ರ ಗೆರೆಗೆ ತುಸು ಒಳಗೆ. ಹತ್ತು ಸಲ ಕೂರಿಸಿದೆವು, ಹತ್ತು ಸಲವೂ ಕೂತಿತು.

ಇನ್ನು ಹನ್ನೆರಡು ಪಂಚಭುಜಗಳನ್ನು 121.92 ಸೆಂ.ಮೀ. ಚೌಕದ ಹಲಗೆಯಲ್ಲಿ ಹೊಂದಿಸುವ ಪ್ರಶ್ನೆ. ಹನ್ನೆರಡರ ಒಟ್ಟು ವಿಸ್ತೀರ್ಣ ಹಲಗೆಯ ಶೇಕಡಾ 56 ಮಾತ್ರ, ಆದ್ದರಿಂದ ಸಲೀಸಾಗಿ ಹಿಡಿಯುತ್ತದೆಂದು ಭಾವಿಸಿದ್ದೆ. ಒಂದು ಪಂಚಭುಜದ ಅಗಲ 32.36, ಎತ್ತರ 30.78. ಎಲ್ಲವನ್ನೂ ನೆಟ್ಟಗೆ ಒಂದರ ಪಕ್ಕ ಒಂದು ಇಟ್ಟರೆ ಸಾಲಿಗೆ ಮೂರು, ಮೂರು ಸಾಲು, ಒಟ್ಟು ಒಂಬತ್ತೇ ಹಿಡಿದವು. ಒಂದು ನೆಟ್ಟಗೆ, ಮುಂದಿನದು ತಲೆಕೆಳಗಾಗಿ ಇಟ್ಟರೆ ಪಕ್ಕದ ಓರೆ ಬಾಹುಗಳು ಸಮಾನಾಂತರವಾಗಿ ಒಂದಕ್ಕೊಂದು ಆನುತ್ತವೆ, ಒಂದೊಂದಕ್ಕೆ 30 ಸೆಂ.ಮೀ. ಸಾಕಾಗುತ್ತದೆ, ನಾಲ್ಕಕ್ಕೆ 122.36. ಹಲಗೆ ಅರ್ಧ ಸೆಂಟಿಮೀಟರಿಗಿಂತ ಕಡಿಮೆ ಅಂತರದಲ್ಲಿ ಸಾಲದಾಯಿತು! ಇನ್ನೊಂದು ಹಲಗೆ ತರುವ ಯೋಚನೆಯಲ್ಲಿದ್ದಾಗ ಮಗಳು ತಲೆಕೆಳಗಾದ ಕಾಗದದ ತುಂಡನ್ನು ಕೆಳಕ್ಕೆ ಜಾರಿಸಿ, ಎರಡರ ಓರೆ ಬಾಹುಗಳು ತುದಿಯಿಂದ ತುದಿಗೆ ಪೂರ್ತಿ ಹೊಂದುವಂತೆ ಮಾಡಿದಳು. ಆಗ ಒಂದೊಂದಕ್ಕೆ 26.18 ಸೆಂ.ಮೀ. ಸಾಕು, ನಾಲ್ಕರ ಸಾಲಿಗೆ ಸುಮಾರು 111. ಸಾಲು ಹಾವಿನಂತೆ ಏರಿಳಿಯುವುದರಿಂದ ಎತ್ತರ 42.5 ಆಗುತ್ತದೆ ನಿಜ, ಆದರೆ ಮುಂದಿನ ಸಾಲುಗಳು ಆ ಏರಿಳಿತದೊಳಗೇ ಕೂರುವುದರಿಂದ ಮೂರು ಸಾಲುಗಳಿಗೆ ಒಟ್ಟು 104 ಸಾಕು. ಹನ್ನೆರಡೂ ಹಿಡಿದವು, ಮೇಲಾಗಿ ಅಂಟಿಕೊಂಡ ಎರಡು ಬಾಹುಗಳಿಗೆ ಒಂದೇ ಕೊಯ್ತ.

ಹೀಗೆ ಎಷ್ಟೇ ಹೊಂದಿಸಿದರೂ ನಡುವೆ ತುಂಡುಗಳು ಉಳಿಯುತ್ತವೆ, ಏಕೆಂದರೆ ನಿಯಮಿತ ಪಂಚಭುಜ ನೆಲಹಾಸಿಗೆ ಒದಗುವುದಿಲ್ಲ. ಅದರ ಒಳಕೋನ 108. ಒಂದು ಬಿಂದುವಿನ ಸುತ್ತ ಮೂರನ್ನು ಇಟ್ಟರೆ 324 ಆಗಿ 36 ಡಿಗ್ರಿ ಬಿರುಕು ಉಳಿಯುತ್ತದೆ, ನಾಲ್ಕನೆಯದಕ್ಕೆ ಜಾಗವಿಲ್ಲ. ಸಮತಲದಲ್ಲಿ ನಿಯಮಿತ ಪಂಚಭುಜಗಳನ್ನು ಎಷ್ಟು ಒತ್ತಾಗಿ ಜೋಡಿಸಿದರೂ ಶೇಕಡಾ 92.13ಕ್ಕಿಂತ ಹೆಚ್ಚು ತುಂಬಲಾಗದು ಎಂಬ ಸಾಧನೆಯನ್ನು ಥಾಮಸ್ ಹೇಲ್ಸ್ ಮತ್ತು ವೋಡನ್ ಕುಸ್ನರ್ 2016ರಲ್ಲಿ ಪ್ರಕಟಿಸಿದರು. ನಿಯಮಿತವಲ್ಲದ ಉಬ್ಬು ಪಂಚಭುಜಗಳಲ್ಲಿ ನೆಲ ತುಂಬುವ ಜಾತಿಗಳು 15 ಇವೆ, ಅಷ್ಟೇ ಇವೆ ಎಂದು 2017ರಲ್ಲಿ ಮಿಶೆಲ್ ರಾವ್ ತೋರಿಸಿದರು. ಅವುಗಳಲ್ಲಿ ನಾಲ್ಕನ್ನು 1970ರ ದಶಕದಲ್ಲಿ ಕಂಡುಹಿಡಿದವರು ಮಾರ್ಜರಿ ರೈಸ್ ಎಂಬ ಗೃಹಿಣಿ. ಪ್ರೌಢಶಾಲೆಯ ಗಣಿತದ ಆಚೆಗೆ ಅವರು ಓದಿರಲಿಲ್ಲ, ತಮ್ಮದೇ ಗುರುತುಗಳನ್ನು ಮಾಡಿಕೊಂಡು ಮನೆಯಲ್ಲಿ ಕುಳಿತು ಎಳೆದದ್ದು. ತುಂಡು ಜಾರಿಸಿ ಹಲಗೆ ಉಳಿಸಿದ ನನ್ನ ಮಗಳಿಗೆ ಅವರ ಕಥೆಯನ್ನು ಅದೇ ಸಂಜೆ ಹೇಳಿದೆ.

ಕತ್ತರಿಸುವುದು ಒಂದು ರಾತ್ರಿಯ ಕೆಲಸ. ಪ್ರತಿ ಮುಖದ ಒಳಗೆ ಎರಡು ಸೆಂಟಿಮೀಟರ್ ಚೌಕಟ್ಟು ಬಿಟ್ಟು ಕಿಟಕಿ ತೆಗೆದೆವು. ಒಳಗಿನ ಪಂಚಭುಜದ ಬಾಹು 17.1 ಬಂತು. ಆ ಹನ್ನೆರಡು ಒಳತುಂಡುಗಳನ್ನು ಎಸೆಯಲಿಲ್ಲ.

ನಿಜವಾದ ಕುಶಲತೆ ಬೇಕಾದದ್ದು ಅಂಚುಗಳನ್ನು ಓರೆಯಾಗಿ ಕೆತ್ತುವಲ್ಲಿ. ದ್ವಾದಶಮುಖಿಯ ಎರಡು ಮುಖಗಳ ನಡುವಿನ ಕೋನ 116.57 ಡಿಗ್ರಿ. ಹಲಗೆಗೆ ಐದು ಮಿಲಿಮೀಟರ್ ದಪ್ಪವಿರುವುದರಿಂದ ಅಂಚನ್ನು ನೆಟ್ಟಗೆ ಬಿಟ್ಟರೆ ಒಳಬದಿಗಳು ಒಂದಕ್ಕೊಂದು ತಾಗಿ ಹೊರಗೆ ಸಂದು ಬಾಯಿಬಿಡುತ್ತದೆ. ಪ್ರತಿ ಅಂಚನ್ನೂ ಆ ಕೋನದ ಅರ್ಧಕ್ಕೆ, ಅಂದರೆ 58.28 ಡಿಗ್ರಿಗೆ ಕೆತ್ತಬೇಕು. ಕೋನಮಾಪಕದ ಮೇಲೆ ನನಗೆ ನಂಬಿಕೆ ಹೋಗಿದ್ದರಿಂದ ಅದನ್ನು ಉದ್ದವಾಗಿ ಬದಲಿಸಿಕೊಂಡೆ: ಐದು ಮಿಲಿಮೀಟರ್ ದಪ್ಪಕ್ಕೆ ಒಳಬದಿಯ ಗೆರೆ ಅಂಚಿನಿಂದ ಎಷ್ಟು ಒಳಗಿರಬೇಕು? 5ನ್ನು 58.28ರ ಟ್ಯಾನ್ ಬೆಲೆಯಿಂದ ಭಾಗಿಸಬೇಕು, ಮತ್ತು ಆ ಬೆಲೆ 1.618. ಕರ್ಣಕ್ಕೂ ಬಾಹುವಿಗೂ ಇರುವ ಅನುಪಾತವೇ ದಪ್ಪಕ್ಕೂ ಓರೆಗೂ ಬಂದು ನಿಂತಿತ್ತು, ಅದೂ ಅಂದಾಜಿಗಲ್ಲ, ನಿಖರವಾಗಿ. ಮೇಜಿನ ಚೀಟಿಯ ಮೇಲಿನ 32.36 ಮತ್ತು ನನ್ನ ಪೇಪರ್ ಕಟರಿನ ಓರೆ ಒಂದೇ ಸಂಖ್ಯೆಯಿಂದ ಹುಟ್ಟಿದವು ಎಂದು ತಿಳಿದಾಗ ಆದ ಸಂತೋಷವನ್ನು ಬರೆಯದೆ ಇರಲಾರೆ. 5ನ್ನು 1.618ರಿಂದ ಭಾಗಿಸಿದರೆ 3.09, ಹಲಗೆಯ ಒಳಬದಿಯಲ್ಲಿ ಅಂಚಿನಿಂದ ಮೂರು ಮಿಲಿಮೀಟರ್ ಒಳಗೆ ಗೆರೆ ಎಳೆದು, ಆ ಗೆರೆಯಿಂದ ಹೊರಬದಿಯ ಅಂಚಿಗೆ ಓರೆಯಾಗಿ ಕೆತ್ತಿದೆ. ಒಟ್ಟು 60 ಅಂಚುಗಳು. ಎರಡು ಬ್ಲೇಡುಗಳು ಮೊಂಡಾದವು.

ಎರಡನೆಯ ಭಾನುವಾರ ಜೋಡಣೆ. ಒಂದು ಮುಖವನ್ನು ಹೊರಬದಿ ಮೇಲಾಗಿ ನೆಲದ ಮೇಲಿಟ್ಟು, ಅದರ ಐದು ಬಾಹುಗಳಿಗೆ ಐದು ಮುಖಗಳನ್ನು ಆನಿಸಿ, ಅಂಚುಗಳ ಮೇಲೆ ಅಂಟುಪಟ್ಟಿ ಹಚ್ಚಿದೆವು, ಹೂವು ಅರಳಿದಂತಿತ್ತು. ಮಗುಚಿ ಎಸಳುಗಳನ್ನು ಮೇಲೆತ್ತಿದರೆ ಮೂರು ಮುಖಗಳು ಕೂಡುವ ಪ್ರತಿ ಮೂಲೆಯಲ್ಲೂ ಆ 36 ಡಿಗ್ರಿಯ ಬಿರುಕು ಮುಚ್ಚಿ, ಹೂವು ಬಟ್ಟಲಾಯಿತು. ಯಾವ ಕೋನವನ್ನೂ ಅಳೆಯಬೇಕಾಗಲಿಲ್ಲ. ಮೂರು 108ಗಳು ಒಂದು ಮೂಲೆಯಲ್ಲಿ ಕೂಡಿದರೆ ಮುಖಗಳ ನಡುವಿನ ಕೋನ 116.57 ಆಗಲೇಬೇಕು, ಬೇರೆ ಆಯ್ಕೆ ಅವುಗಳಿಗೆ ಇಲ್ಲ. ನೆಲ ಹಾಸುವಾಗ ದೋಷವಾಗಿದ್ದ ಬಿರುಕೇ ಇಲ್ಲಿ ಆಕೃತಿಯನ್ನು ಬಾಗಿಸುವ ಶಕ್ತಿ. ಷಡ್ಭುಜಗಳಾಗಿದ್ದರೆ ಮೂರು 120ಗಳು ಸೇರಿ 360 ಆಗಿ ಹಲಗೆ ಹಲಗೆಯಾಗಿಯೇ ಉಳಿಯುತ್ತಿತ್ತು. 20 ಮೂಲೆಗಳ ಬಿರುಕುಗಳನ್ನು ಕೂಡಿಸಿದರೆ 720 ಡಿಗ್ರಿ. ಅಪ್ಪನ ಬುಟ್ಟಿಯಲ್ಲಿ ಪ್ರತಿ ಮೂಲೆಗೆ ಎರಡು ಚೌಕ, ಎರಡು ತ್ರಿಕೋನ. ಬಿರುಕು 60 ಡಿಗ್ರಿ, ಮೂಲೆಗಳು 12, ಮೊತ್ತ ಮತ್ತೆ 720. ರಂಧ್ರವಿಲ್ಲದೆ ಮುಚ್ಚಿಕೊಂಡ ಯಾವ ಬುಟ್ಟಿಯನ್ನು ಕಟ್ಟಿದರೂ ಈ ಮೊತ್ತ ಬದಲಾಗದೆಂದು ದೆಕಾರ್ತ್ ಹದಿನೇಳನೆಯ ಶತಮಾನದಲ್ಲೇ ಕಂಡಿದ್ದರು.

ಒಳಗಿನಿಂದ ಗ್ಲೂ ಗನ್ನಿನ ಬಿಸಿ ಅಂಟು ಹಾಕಿ ಎರಡು ಬಟ್ಟಲುಗಳನ್ನು ಸಿದ್ಧಪಡಿಸಿದೆವು. ಪ್ರತಿ ಬಟ್ಟಲಿನ ಬಾಯಿ ಹತ್ತು ಅಂಚುಗಳ ಏರಿಳಿಯುವ ಗೆರೆ. ಒಂದರ ಹಲ್ಲು ಇನ್ನೊಂದರ ಸಂದಿಗೆ ಬರಬೇಕಾದರೆ ಮೇಲಿನದನ್ನು 36 ಡಿಗ್ರಿ ತಿರುಗಿಸಿ ಇಡಬೇಕು, ಆದ್ದರಿಂದಲೇ ಮೇಲಿನ ಮುಖದ ಮೂಲೆಯ ನೇರಕ್ಕೆ ಕೆಳಗಿನ ಮುಖದಲ್ಲಿ ಬಾಹು ಬರುತ್ತದೆ. ಇಟ್ಟೆವು. ಒಂಬತ್ತು ಅಂಚುಗಳು ಮುಚ್ಚಿಕೊಂಡವು, ಹತ್ತನೆಯದು ಮೂರು ಮಿಲಿಮೀಟರ್ ಬಾಯಿಬಿಟ್ಟು ನಿಂತಿತು.

ಒತ್ತಿ ಅಂಟು ಸುರಿಯುವ ಆಸೆ ನನಗೂ ಆಯಿತು. ಹಾಗೆ ಮಾಡಿದ್ದರೆ ಆ ಮೂರು ಮಿಲಿಮೀಟರ್ ಬೇರೆ ಯಾವುದೋ ಮುಖವನ್ನು ತಿರುಚುತ್ತಿತ್ತು. ಪ್ರತಿ ಮುಖದ ಕರ್ಣಗಳನ್ನು ಮತ್ತೆ ಅಳೆದೆವು, ಎಲ್ಲವೂ ಸರಿಯಾಗಿದ್ದವು. ಅಂದರೆ ತಪ್ಪು ಮುಖದ ಆಕಾರದಲ್ಲಿಲ್ಲ, ಓರೆಯಲ್ಲಿದೆ. ಟಾರ್ಚ್ ಬೆಳಕನ್ನು ಒಳಗಿನಿಂದ ಬಿಟ್ಟು ನೋಡಿದಾಗ ಕೆಳಗಿನ ಬಟ್ಟಲಿನ ಒಂದು ಸಂದಿನಲ್ಲಿ ಮಾತ್ರ ಹೊರಗಡೆಯಿಂದ ಬೆಳಕಿನ ಎಳೆ ಕಾಣಿಸಿತು. ಮೊಂಡು ಬ್ಲೇಡಿನಿಂದ ಕೆತ್ತಿದ ಕೊನೆಯ ಅಂಚು ಅದು, ಓರೆ ಎರಡು ಮಿಲಿಮೀಟರ್ ಕೂಡ ಬಂದಿರಲಿಲ್ಲ. ಆ ಎರಡು ಮುಖಗಳ ನಡುವಿನ ಅಂಟನ್ನು ಕೊಯ್ದು, ಸ್ಯಾಂಡ್ ಪೇಪರಿನಿಂದ ಓರೆಯನ್ನು ಮೂರಕ್ಕೆ ಇಳಿಸಿ, ಮತ್ತೆ ಅಂಟಿಸಿದೆವು. ಈ ಸಲ ಹತ್ತೂ ಅಂಚುಗಳು ಬೆರಳು ತಾಗಿಸಿದ ಮಾತ್ರಕ್ಕೆ ಮುಚ್ಚಿಕೊಂಡವು.

20 ಸೆಂ.ಮೀ. ಅಂಚಿನ ದ್ವಾದಶಮುಖಿಯಲ್ಲಿ ಎದುರುಬದುರಿನ ಮುಖಗಳ ನಡುವಿನ ದೂರ 44.5 ಸೆಂ.ಮೀ. ಇರಬೇಕು. ಅಂಥ ಜೋಡಿಗಳು ಆರು. ಬುಟ್ಟಿಯನ್ನು ಒಂದೊಂದೇ ಮುಖದ ಮೇಲೆ ಕೂರಿಸಿ ಎತ್ತರ ಅಳೆದರೆ 44.3ರಿಂದ 44.7ರೊಳಗೆ ಎಲ್ಲವೂ ಬಂದವು. ನಮಗೆ ಅಷ್ಟು ಸಾಕಾಗಿತ್ತು.

ಕಾಗದಕ್ಕಾಗಿ ಅಪ್ಪಾ ಬಳವಂತ ಚೌಕದ ಹತ್ತಿರ ಕೆಂಪು, ಹಳದಿ, ಹಸಿರು ಗಾಳಿಪಟದ ಕಾಗದ ತಂದಿದ್ದೆವು. ಅಂಗಡಿಯವರು ಅದನ್ನು ಪತಂಗಿ ಕಾಗದ ಎನ್ನುತ್ತಾರೆ. ಪಕ್ಕಪಕ್ಕದ ಮುಖಗಳಿಗೆ ಒಂದೇ ಬಣ್ಣ ಬರಬಾರದೆಂಬುದು ಮಗಳ ಹಟ. ಅರ್ಧ ಗಂಟೆ ತುಂಡುಗಳನ್ನು ಅದಲು ಬದಲು ಮಾಡಿ, "ಅಪ್ಪಾ, ಕೊನೆಗೆ ಒಂದು ತಪ್ಪೇ ಆಗ್ತದ" ಎಂದಳು. ಆಗಲೇಬೇಕು. ಮೇಲಿನ ಮುಖ ಕೆಂಪಾದರೆ ಸುತ್ತಲಿನ ಐದು ಮುಖಗಳಿಗೆ ಹಳದಿ, ಹಸಿರು ಎರಡೇ ಉಳಿಯುತ್ತವೆ. ಎರಡು ಬಣ್ಣಗಳನ್ನು ಒಂದು ಬಿಟ್ಟು ಒಂದರಂತೆ ಐದರ ಬಳೆಯಲ್ಲಿ ಹಚ್ಚುತ್ತ ಹೋದರೆ ಬೆಸಸಂಖ್ಯೆಯಾದ ಕಾರಣ ಮೊದಲನೆಯದೂ ಕೊನೆಯದೂ ಒಂದೇ ಬಣ್ಣವಾಗಿ ಪಕ್ಕದಲ್ಲಿ ಬಂದು ನಿಲ್ಲುತ್ತವೆ. ನಾಲ್ಕನೆಯದಾಗಿ ಬಿಳಿ ತಂದ ಮೇಲೆ ಕೂಡಿತು, ಪ್ರತಿ ಬಣ್ಣಕ್ಕೆ ಸರಿಯಾಗಿ ಮೂರು ಮುಖಗಳು. ಬಲ್ಬು ಬದಲಿಸಲು ಕೈ ಹೋಗಬೇಕಾದ್ದರಿಂದ ಕೆಳಗಿನ ಬಿಳಿ ಮುಖಕ್ಕೆ ಮಾತ್ರ ಕಾಗದ ಹಚ್ಚಲಿಲ್ಲ.

ತಪಕೀರ ಗಲ್ಲಿಯಿಂದ ಹೋಲ್ಡರ್, ವಯರ್ ಮತ್ತು 9 ವಾಟ್‌ನ ಎಲ್‌ಇಡಿ ಬಲ್ಬು ಬಂದವು. ಮೇಲಿನ ಮುಖದ ಐದು ಮೂಲೆಗಳಿಂದ ಐದು ದಾರಗಳು ಒಂದು ಬಳೆಗೆ ಸೇರುತ್ತವೆ, ಕೆಳಗಿನ ಐದು ಮೂಲೆಗಳಿಂದ ಇಲ್ಲಿಯವರು ಝಿರಮಿಳ್ಯಾ ಎನ್ನುವ ಕಾಗದದ ಬಾಲಗಳು ಇಳಿಯುತ್ತವೆ. ದಾರದ ನೇರಕ್ಕೆ ಬಾಲ ಬಾರದೆ ಎರಡು ದಾರಗಳ ನಡುವೆ ಬರುವುದನ್ನು ಕೆಳಗಿನಿಂದ ನೋಡಿದವರು ಗುರುತಿಸಿ ಕೇಳಿದರು. ಎಲ್ಲ ಸೇರಿ ಅಡುಗೆಮನೆಯ ತಕ್ಕಡಿಯಲ್ಲಿ ಏಳುನೂರು ಗ್ರಾಂನೊಳಗೆ ತೂಗಿತು.

ಇಲ್ಲಿಯವರಿಗೆ ದೀಪಾವಳಿಯ ಮೊದಲ ದಿನವಾದ ವಸುಬಾರಸದ ಸಂಜೆ ತೂಗುಹಾಕಿದೆವು. ನಾಲ್ಕನೆಯ ಮಹಡಿಯ ಗಾಳಿಯಲ್ಲಿ ಆರು ರಾತ್ರಿ ತಿರುಗಿತು, ಒಂದು ರಾತ್ರಿ ಮಳೆಯೂ ಬಿತ್ತು. ಎರಡು ಮುಖಗಳ ಕಾಗದ ಹರಿಯಿತು, ಚೌಕಟ್ಟು ಜಗ್ಗಲಿಲ್ಲ. ಇಳಿಸಿದ ದಿನ ಮಗಳು ಕಾಗದ ಕಿತ್ತು ಎಲ್ಲ ಕರ್ಣಗಳನ್ನೂ ಅಳೆದು ಬರೆದುಕೊಂಡಳು: ಅತಿ ಕಡಿಮೆ 32.3, ಅತಿ ಹೆಚ್ಚು 32.4. ಉಳಿಸಿಟ್ಟ 17.1ರ ಹನ್ನೆರಡು ಒಳತುಂಡುಗಳಿಗೆ ಈಗ ಓರೆ ಕೆತ್ತುತ್ತಿದ್ದೇವೆ. ಆ ಚಿಕ್ಕ ಬುಟ್ಟಿ ಧಾರವಾಡಕ್ಕೆ ಹೋಗಬೇಕಾಗಿದೆ. ಅಪ್ಪ ಅದನ್ನು ಕೈಯಲ್ಲಿ ಹಿಡಿದು ಒತ್ತಿ ನೋಡಬೇಕಂತೆ.